ದ್ಯಾವಯ್ಯ ಮಾವನ ಧಾರೆ ಮತ್ತು ಮೂರು ಸಿಮ್ಮಿನ ಡಬ್ಬಿ

ಗಂಡನನ್ನು ಹೆಸರು ಹಿಡಿದು ಕರೆಯುವ ಅಭ್ಯಾಸ ನನಗಿಲ್ಲ. ಕರೆದರೆ ನಮ್ಮತ್ತೆ ಸುಬ್ಬಮ್ಮ ವಾರವೆಲ್ಲ ಮುಖ ಊದಿಸಿಕೊಂಡಿರುತ್ತಾರೆ. ಹಾಗಂತ ಬರೆಯುವಾಗಲೂ ‘ನಮ್ಮನೆಯವರು, ನಮ್ಮನೆಯವರು’ ಎಂದು ಎಷ್ಟು ಸಲ ಬರೆಯಲಿ? ದಿಲೀಪ್ ಎಂದೇ ಬರೆಯುತ್ತೇನೆ. ಹೇಗೂ ಅವರು ಇದನ್ನು ಓದುವುದಿಲ್ಲ. ಓದಬೇಕಾದರೆ ಒಂದು ಕಡೆ ಕೂರಬೇಕಲ್ಲ!

ಕೂರುವುದೊಂದು ಬಿಟ್ಟು ಅವರಿಗೆ ಎಲ್ಲ ಕೆಲಸವೂ ಬರುತ್ತದೆ. ಊಟಕ್ಕೆ ಕೂತರೆ ಮುದ್ದೆ ಮುರಿಯುವಷ್ಟರಲ್ಲಿ ಎದ್ದು ಬಾಗಿಲ ತನಕ ಹೋಗಿ ಬರುತ್ತಾರೆ. ಬಾಗಿಲಲ್ಲಿ ಯಾರೂ ಇರುವುದಿಲ್ಲ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಹಾಸನದ ತನಕ ಕಂಬಿ ಹಿಡಿದು ನಿಂತೇ ಹೋಗುತ್ತಾರೆ. ಮದುವೆಯಾದ ಹೊಸತರಲ್ಲಿ ನನಗೆ ಗಾಬರಿಯಾಗಿತ್ತು. ಈ ಮನುಷ್ಯನಿಗೆ ಏನೋ ಕಾಯಿಲೆ ಇರಬೇಕು, ನಮ್ಮಪ್ಪನಿಗೆ ಹೇಳದೆ ಮುಚ್ಚಿಟ್ಟಿದ್ದಾರೆ ಎಂದುಕೊಂಡಿದ್ದೆ.

“ಕಾಯ್ಲೆನೂ ಇಲ್ಲ ಕಸಾಲೆನೂ ಇಲ್ಲ ಕಣವ್ವ,” ಎಂದಿದ್ದರು ಅತ್ತೆ. “ಒಟ್ಟೇಲಿದ್ದಾಗ್ಲೇ ನಂಗೆ ಒಂದ್ ಗಳಿಗೆ ಮನಿಕ್ಕೊಳಾಕ್ ಬುಡ್ಲಿಲ್ಲ. ಈಗ ನಿನ್ನ ಸರದಿ.”

ಊರು ಹಳೇಕೋಟೆ. ಅಲ್ಲಿ ಮೊದಲು ಕೇಬಲ್ ಟೀವಿ ವೈರು ಎಳೆದವರು ಇವರೇ. ಡಿಶ್ ಇಡಲು ಎತ್ತರದ ತಾರಸಿ ಬೇಕಿತ್ತು. ಊರಿನಲ್ಲಿ ಎತ್ತರದ ತಾರಸಿ ಇದ್ದದ್ದು ದ್ಯಾವಯ್ಯನವರದು. ದ್ಯಾವಯ್ಯ ನಮ್ಮ ಮಾವನವರ ಜೊತೆಗಾರ. ದಿಲೀಪ್ ಅವರನ್ನು ದೊಡ್ಡಪ್ಪ ಅನ್ನುತ್ತಾರೆ, ನಾನು ಮಾವ ಅನ್ನುತ್ತೇನೆ. “ಇಟ್ಕೊಳ್ಲಾ, ನನ್ ತಾರಸಿ ಏನ್ ಸವದೋಯ್ತದಾ” ಎಂದು ಜಾಗ ಕೊಟ್ಟಿದ್ದಷ್ಟೇ ಅಲ್ಲ, ಇವರು ಮೇಲೆ ಹತ್ತಿದಾಗಲೆಲ್ಲ ತೋಟದ ಕೆಲಸ ಬಿಟ್ಟು ಬಂದು ಕೆಳಗೆ ಏಣಿ ಹಿಡಿದು ನಿಲ್ಲುತ್ತಿದ್ದರಂತೆ. “ನಿಧಾನ ಕಣ್ಲಾ, ಬಿದ್ದೀಯೆ” ಎಂದು ಕೂಗುತ್ತಿದ್ದರಂತೆ. ತಂದೆ ಬೇಗ ಹೋದ ಹುಡುಗನಿಗೆ ಏಣಿ ಹಿಡಿದವರನ್ನು ಮರೆಯಲು ಆಗುವುದಿಲ್ಲ.

ಮನೆಮನೆಗೂ ಅವರವರದೇ ಡಿಶ್ ಬಂದು ಕೇಬಲ್ ಕೆಲಸ ಮಲಗಿತು. ದಿಲೀಪ್ ಮಲಗಲಿಲ್ಲ. ಕ್ಯಾಮರಾ ಹಿಡಿದು ಹೊಳೆನರಸೀಪುರದಲ್ಲಿ ಸ್ಟುಡಿಯೋ ಇಟ್ಟರು. ಪಾಸ್‌ಪೋರ್ಟ್ ಫೋಟೋ, ಮದುವೆ, ನಾಮಕರಣ, ಕಬಡ್ಡಿ. ಕೊರೋನಾ ಬಂದು ಮದುವೆಗೆ ಹತ್ತಾರು ಜನ ಮಾತ್ರ ಎಂದಾದಾಗ ನೆಂಟರೆಲ್ಲ ಮನೆಯಲ್ಲೇ ಕೂತು ಮದುವೆ ನೋಡಬೇಕಾಯಿತಲ್ಲ, ಆಗ ಇವರಿಗೆ ಲೈವ್ ಹುಚ್ಚು ಹತ್ತಿತು. ಕೊರೋನಾ ಹೋಯಿತು. ಹುಚ್ಚು ಹೋಗಲಿಲ್ಲ.

ಲೈವ್ ಮಾಡುವವರಿಗೆ ಇರುವ ಭಯ ಒಂದೇ, ನಡುವೆ ಇಂಟರ್‌ನೆಟ್ ಕೈಕೊಡುವುದು. ಚನ್ನರಾಯಪಟ್ಟಣದ ಕಬಡ್ಡಿ ಪಂದ್ಯದಲ್ಲಿ ಕೊನೆಯ ರೈಡ್‌ಗೆ ಸರಿಯಾಗಿ ಲೈನು ಹೋಯಿತು. ನೋಡುತ್ತಿದ್ದವರು ಕಾಮೆಂಟಿನಲ್ಲಿ ಬೈದ ಬೈಗುಳವನ್ನು ನಾನು ಇಲ್ಲಿ ಬರೆಯಲಾರೆ. ಅವತ್ತು ದಿಲೀಪ್ ಊಟವನ್ನೇ ಮಾಡಲಿಲ್ಲ. ಅಂಗಳದಲ್ಲಿ ಆ ಕಡೆಯಿಂದ ಈ ಕಡೆ ನಡೆದರು, ನಡೆದರು. ನಾನು “ಒಂದ್ ನಿಮಿಷ ಕೂತ್ಕಳ್ರೀ” ಅಂದೆ. ಅವರಿಗೆ ಕೇಳಿಸಲೂ ಇಲ್ಲ.

ಆಮೇಲೆ ಬಂದದ್ದೇ ಈ ಡಬ್ಬಿ. ಟಿಫನ್ ಡಬ್ಬಿಯಷ್ಟು ಅಗಲ, ಹಿಂದೆ ಸಾಲಾಗಿ ತೂತು, ಮೇಲೆ ಕೊಂಬಿನ ಹಾಗೆ ಆಂಟೆನಾ. ರೂಟರ್ ಎನ್ನುತ್ತಾರೆ. ಅಡುಗೆಮನೆಗೇ ತಂದು, ನಾನು ಒಗ್ಗರಣೆ ಹಾಕುತ್ತಿದ್ದರೂ ಬಿಡದೆ ವಿವರಿಸಿದರು.

“ನೋಡು ಶಾಂತಿ, ಮೂರು ಕಂಪನಿದು ಮೂರು ಸಿಮ್ಮು ಆಕಿವ್ನಿ. ಮೂರರ ನೆಟ್ಟನ್ನೂ ಈ ಡಬ್ಬಿ ಒಂದ್ ಮಾಡ್ತದೆ. ಒಂದು ಕೈಕೊಟ್ರೆ ಇನ್ನೆರಡು ಎಳೀತವೆ. ಒಂದ್ ಹಸ ಒದ್ರೆ ಇನ್ನೊಂದ್ ಹಸದ್ ಆಲ್ ಕರ್ಕೊಂಡಂಗೆ.”

“ಮೂರೂ ಒದ್ರೆ?”

“ಮೂರೂ ಒಂದೇ ದಿನ ಯಾಕೇ ಒದೀತವೆ? ಬಾಯಲ್ ಒಳ್ಳೇದಾಡು.”

ಡಬ್ಬಿ ಮೊದಮೊದಲು ಅವರ ಮಾತು ಕೇಳಲಿಲ್ಲ. ಒಂದು ಸಿಮ್ಮಿನಿಂದ ಇನ್ನೊಂದಕ್ಕೆ ಹಾರುವಾಗ ಚಿತ್ರ ಕಡಿದುಹೋಗುತ್ತಿತ್ತು. ಆಮೇಲೆ ಒಂದೇ ವಿಡಿಯೋವನ್ನು ಚೂರುಚೂರು ಮಾಡಿ, ಮೂರು ಸಿಮ್ಮಿನಲ್ಲೂ ಹಂಚಿ ಕಳಿಸಿ, ಅತ್ತ ಕಡೆ ಮತ್ತೆ ಜೋಡಿಸುವುದನ್ನು ಎಲ್ಲೆಲ್ಲೋ ಕೇಳಿ ಕಲಿತರು. ನೀರಿನಲ್ಲಿ ಅರ್ಧ ಮುಳುಗಿರುವ ಶೆಟ್ಟಿಹಳ್ಳಿಯ ಹಳೇ ಚರ್ಚಿಗೆ ಯಾರದೋ ಮದುವೆ ಮುಂಚಿನ ಫೋಟೋ ತೆಗೆಯಲು ಹೋದಾಗ, ಹಿನ್ನೀರಿನಲ್ಲಿ ಮಂಡಿ ತನಕ ಇಳಿದು, ಡಬ್ಬಿಯನ್ನು ತಲೆಯ ಮೇಲೆ ಹೊತ್ತುಕೊಂಡು ನನಗೆ ವಿಡಿಯೋ ಕರೆ ಮಾಡಿದರು. “ಕಾಣ್ತೀನೇನೇ? ಕಡೀತಾ ಇಲ್ಲ ತಾನೆ?” ಕಡಿಯುತ್ತಿರಲಿಲ್ಲ. ನೀರಿನಲ್ಲಿ ನಿಂತು ಕುಣಿಯುತ್ತಿದ್ದ ಗಂಡನನ್ನು ನೋಡಿ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ.

ನಗು ನಿಂತದ್ದು ದ್ಯಾವಯ್ಯ ಮಾವನಿಗೆ ಲಕ್ವ ಹೊಡೆದಾಗ. ಮಗಳು ನಿಸರ್ಗಳ ಮದುವೆಗೆ ಪತ್ರಿಕೆ ಹಂಚಿಯಾಗಿತ್ತು. ಬಲಭಾಗ ಬಿದ್ದುಹೋಯಿತು, ಮಾತು ಹೊರಟುಹೋಯಿತು. ಹಾಸನದ ಆಸ್ಪತ್ರೆಗೆ ಸೇರಿಸಿದರು. ಮದುವೆಯ ಹೊತ್ತಿಗೆ ಕರೆದುಕೊಂಡು ಹೋಗಬಹುದೇ ಎಂದು ಕೇಳಿದರೆ ಡಾಕ್ಟರು ಖಂಡಿತ ಆಗದು ಎಂದರು. ಗಂಡಿನ ಕಡೆಯವರು ಅರಕಲಗೂಡಿನವರು, ಒಳ್ಳೆಯ ಜನ, “ಮುಂದಕ್ಕೆ ಹಾಕೋಣ” ಎಂದು ಅವರೇ ಹೇಳಿದರು. ಅದನ್ನು ಕೇಳಿ ಮಾವ ಎಡಗೈಯಿಂದ ಮಂಚ ಬಡಿದು, ತಲೆ ಅಲ್ಲಾಡಿಸಿ, ಕಣ್ಣಲ್ಲಿ ನೀರು ಹಾಕಿಕೊಂಡರು. ತನ್ನಿಂದ ಮಗಳ ಮದುವೆ ನಿಲ್ಲಬಾರದು ಎಂಬುದು ಮಾತಿಲ್ಲದೆಯೂ ಎಲ್ಲರಿಗೂ ತಿಳಿಯಿತು.

ನಿಸರ್ಗ ನೇರ ನಮ್ಮ ಸ್ಟುಡಿಯೋಗೆ ಬಂದಳು. ನಮ್ಮ ಕಡೆ ಮದುವೆಯಲ್ಲಿ ಗಂಡು ಹೆಣ್ಣು ಕೈಗೆ ಕೈ ಕೂಡಿಸಿ ತೆಂಗಿನಕಾಯಿ ಹಿಡಿಯುತ್ತಾರೆ. ಅದರ ಮೇಲೆ ಹಾಲು ಎರೆಯುವುದು ಧಾರೆ. ಮೊದಲ ಧಾರೆ ಹೆಣ್ಣು ಹೆತ್ತವರದು, ಆಮೇಲೆ ತಾಳಿ, ಆಮೇಲೆ ಬಂಧುಬಳಗವೆಲ್ಲ ಸಾಲುಗಟ್ಟಿ ಬಂದು ಎರೆಯುತ್ತಾರೆ. ಅಪ್ಪನ ಜಾಗದಲ್ಲಿ ಚಿಕ್ಕಪ್ಪ ತಮ್ಮಯ್ಯ ಎರೆಯಲಿ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

“ದಿಲೀಪಣ್ಣ, ಅಪ್ಪ ಅಲ್ಲೇ ಮಂಚದ ಮೇಲೇ ಎರೀಲಿ,” ಎಂದಳು. “ನನ್ ಕೈ ಅಪ್ಪಂಗ್ ಕಾಣ್ಬೇಕು. ಅಪ್ಪ ಎರ್ಯೋದು ನಂಗ್ ಕಾಣ್ಬೇಕು. ಅಪ್ಪ ಎರೆದ್ ಮ್ಯಾಲೇ ಚಿಕ್ಕಪ್ಪ. ಆಯ್ತದಾ ಇಲ್ವಾ ಯೋಳಿ.”

“ಆಯ್ತದೆ ಕಣವ್ವ. ನಾನಿವ್ನಿ.”

ಅವರು ಹಾಗೆ ಅಂದ ತಕ್ಷಣ ನನಗೆ ಕಬಡ್ಡಿಯ ಆ ಕೊನೆಯ ರೈಡ್ ನೆನಪಾಯಿತು.

ಮದುವೆಯ ಹಿಂದಿನ ದಿನ ನಾನು ಆಸ್ಪತ್ರೆಯಲ್ಲಿ, ಅವರು ಹೊಳೆನರಸೀಪುರದ ಛತ್ರದಲ್ಲಿ, ಪರೀಕ್ಷೆ ಮಾಡಿದೆವು. ಖಾಲಿ ಛತ್ರ, ಡೆಕೊರೇಷನ್ ಕಟ್ಟುವವರು ನಾಲ್ಕು ಜನ. ಚಿತ್ರ ಎಷ್ಟು ಚೊಕ್ಕಟವಾಗಿತ್ತೆಂದರೆ ದಿಲೀಪರ ಮೀಸೆಯಲ್ಲಿ ಸಿಕ್ಕಿಕೊಂಡಿದ್ದ ಅವಲಕ್ಕಿ ಕೂಡ ಕಾಣುತ್ತಿತ್ತು. ಖುಷಿಯಲ್ಲಿ ಅವರು ಇನ್ನೊಂದು ಕೆಲಸಕ್ಕೂ ಕೈ ಹಾಕಿದರು. ಮಾವನ ವಿಡಿಯೋ ಕರೆಯ ಜೊತೆಗೆ, ಅದೇ ಡಬ್ಬಿಯಿಂದ ಇಡೀ ಮದುವೆಯನ್ನು ದೊಡ್ಡದಾಗಿ ಲೈವ್ ಬಿಡುವುದು. ನಾಲ್ಕು ಕ್ಯಾಮರಾ. ಲಿಂಕನ್ನು ಮದುವೆಯ ವಾಟ್ಸಾಪ್ ಗುಂಪಿಗೆ ಹಾಕಿಯೂಬಿಟ್ಟರು.

“ಮಾವನಿಗೊಂದು ಕಂಡ್ರೆ ಸಾಕಲ್ವೇನ್ರೀ?”

“ಮಿಲ್ಟ್ರೀಲಿರೋರು, ದುಬೈಲಿರೋರು, ಚನ್ನರಾಯಪಟ್ಟಣದ ವಯಸ್ಸಾದ ಅತ್ತೆ, ಎಲ್ರೂ ನೋಡ್ಬೇಡ್ವಾ? ಬೇರೆ ಛತ್ರದ ಓನರ್‌ಗಳು ಇಬ್ರು ಬಂದು ನೋಡ್ತೀವಿ ಅಂದವ್ರೆ. ಅವ್ರ್ ಕಣ್ಣಿಗ್ ಬಿದ್ರೆ ಮುಂದಿನ ಲಗ್ನಕ್ಕೆಲ್ಲ ನಾನೇ. ಡಬ್ಬಿ ತಡೀತದೆ ಕಣೇ, ಸುಮ್ನಿರು.”

ಗಂಡಸರಿಗೆ ಹೊಸ ಡಬ್ಬಿ ಸಿಕ್ಕಾಗ ಹೆಂಡತಿ ಹೇಳುವುದು ಯಾರ ಕಿವಿಗೆ ಬೀಳುತ್ತದೆ?

ಮದುವೆಯ ಬೆಳಗ್ಗೆ ಮನೆಯವರೆಲ್ಲ ಮಂಟಪದಲ್ಲಿ ಇರಬೇಕಾಗಿದ್ದರಿಂದ ಮಾವನ ಹತ್ತಿರ ನಾನೊಬ್ಬಳೇ. ನರ್ಸಮ್ಮ ಗಡ್ಡ ತೆಗೆಸಿದರು. ನಾನು ಜರಿ ಶಲ್ಯ ಹೊದಿಸಿದೆ. ಅತ್ತೆ ನಂಜಮ್ಮ, ಅಂದರೆ ಮಾವನ ಹೆಂಡತಿ, ಬೆಳ್ಳಿ ಲೋಟ ಕೊಟ್ಟು ಕಳಿಸಿದ್ದರು. ಎದೆಯ ಮುಂದೆ ಬೋಗುಣಿ, ಅದರಾಚೆ ದೊಡ್ಡ ಟ್ಯಾಬು. ಎಡಗೈಗೆ ಲೋಟ ಕೊಡಲು ಹೋದರೆ ಮಾವ ತಳ್ಳಿಬಿಟ್ಟರು. ಮಗಳ ಧಾರೆಯನ್ನು ಎಡಗೈಯಲ್ಲಿ ಯಾರಾದರೂ ಎರೆಯುತ್ತಾರೆಯೇ? ಬಿದ್ದುಹೋದ ಬಲಗೈ ಬೆರಳುಗಳನ್ನು ಲೋಟಕ್ಕೆ ಒಂದೊಂದಾಗಿ ಸುತ್ತಿ, ಮಣಿಕಟ್ಟನ್ನು ಎಡಗೈಯಿಂದ ಎತ್ತಿ ಹಿಡಿದರು. ಖಾಲಿ ಲೋಟದಲ್ಲಿ ಒಂದು ಸಲ ಅಭ್ಯಾಸ ಮಾಡಿದರು. ಎರಡನೇ ಸಲ ಕೈ ಏಳಲೇ ಇಲ್ಲ. ತುಂಬಾ ಹೊತ್ತು ಸುಧಾರಿಸಿಕೊಳ್ಳಬೇಕಾಯಿತು. ಎತ್ತಿದರೆ ಒಂದೇ ಸಲ ಎತ್ತಬೇಕು ಎಂಬುದು ಅವರಿಗೂ ತಿಳಿಯಿತು, ನನಗೂ ತಿಳಿಯಿತು.

ಟ್ಯಾಬಿನಲ್ಲಿ ಮಂಟಪ ಕಾಣುತ್ತಿತ್ತು. ಅಲ್ಲಿ ಮಂಟಪದ ಪಕ್ಕದ ದೊಡ್ಡ ಪರದೆಯ ಮೇಲೆ ಮಾವ ಕಾಣುತ್ತಿದ್ದರು. ನಿಸರ್ಗ ಕೈ ಕೂಡಿಸಿ ಕಾಯಿ ಹಿಡಿದಳು. ಮಾವ ಉಸಿರು ಬಿಗಿಹಿಡಿದು ಹಾಲು ತುಂಬಿದ ಲೋಟ ಎತ್ತಿದರು. ಪುರೋಹಿತರು ಕೈ ಮೇಲೆತ್ತಿ ವಾಲಗದವರಿಗೆ ಸನ್ನೆ ಮಾಡಿದರು. ಗಟ್ಟಿಮೇಳ ಢಣ್ ಎಂದು ಶುರುವಾಯಿತು, ಅಷ್ಟೇ.

ಚಿತ್ರ ನಿಂತುಹೋಯಿತು. ಪುರೋಹಿತರ ಕೈ ಮೇಲೇ ಇತ್ತು. ನಿಸರ್ಗಳ ಕಣ್ಣು ಅರ್ಧ ಮುಚ್ಚಿತ್ತು. ಸದ್ದೂ ಇಲ್ಲ.

ಟ್ಯಾಬನ್ನು ತಟ್ಟಿದೆ, ಅಲ್ಲಾಡಿಸಿದೆ, ಕಿಟಕಿಯ ಕಡೆ ತಿರುಗಿಸಿದೆ. ದಿಲೀಪರಿಗೆ ಫೋನ್ ಮಾಡಿದರೆ ‘ಸಂಪರ್ಕಿಸಲು ಸಾಧ್ಯವಿಲ್ಲ’ ಎಂದು ಯಾವಳೋ ಸಮಾಧಾನವಾಗಿ ಹೇಳಿದಳು. ಇನ್ನೊಂದು ನಂಬರಿಗೆ ಮಾಡಿದೆ. ಅದೇ ಸಮಾಧಾನ. ನಂಜಮ್ಮತ್ತೆಗೆ ಮಾಡಿದೆ. ಯಾರಿಗೂ ಹೋಗುತ್ತಿಲ್ಲ. ಎದ್ದೆ, ಕೂತೆ, ಬಾಗಿಲಿಗೆ ಹೋಗಿ ಬಂದೆ. ಬಾಗಿಲಲ್ಲಿ ಏನಿತ್ತು? ಗಂಡನ ಚಾಳಿ ನನಗೂ ಹತ್ತಿತ್ತು.

ಮಾವನ ಕೈ ನಡುಗತೊಡಗಿತು. ಹಾಲು ತುಳುಕಿ ಶಲ್ಯದ ಮೇಲೆ, ಹಾಸಿಗೆಯ ಮೇಲೆ ಬಿತ್ತು.

“ಇಳ್ಸಿ ಮಾವ, ಬಂದ ತಕ್ಷಣ ಯೋಳ್ತೀನಿ,” ಎಂದೆ.

ಅವರು ನನ್ನ ಕಡೆ ನೋಡಲಿಲ್ಲ. ನಿಂತುಹೋದ ಚಿತ್ರದಲ್ಲಿದ್ದ ಮಗಳ ಕೈಯನ್ನೇ ನೋಡುತ್ತಿದ್ದರು. ಇಳಿಸಿದರೆ ಮತ್ತೆ ಎತ್ತಲಾಗದು. ಆಧಾರ ಕೊಡಲು ನಾನು ಕೈ ಚಾಚಿದರೆ ಬೇಡವೆಂದು ಅವರ ಗಂಟಲಿನಿಂದ ಒರಟಾದ ಸದ್ದು ಬಂತು. ಹಿಂದೆ ಸರಿದೆ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಇನ್ನೇನೂ ತೋಚದೆ ನನ್ನ ಫೋನಿನಲ್ಲಿ ವಾಟ್ಸಾಪ್ ಗುಂಪಿನ ಲಿಂಕ್ ಒತ್ತಿದೆ. ದೊಡ್ಡ ಲೈವ್ ಕೂಡ ತಡೆದು ತಡೆದು ಸುತ್ತುತ್ತಿತ್ತು, ಆದರೆ ಪೂರ್ತಿ ಸತ್ತಿರಲಿಲ್ಲ. ಕೆಳಗೆ ಕಾಮೆಂಟುಗಳು ಮಳೆಯ ಹಾಗೆ ಸುರಿಯುತ್ತಿದ್ದವು. ‘ಶುಭವಾಗಲಿ.’ ಹೂವು. ಹೂವು. ‘ನೂರ್ಕಾಲ ಬಾಳಿ.’ ಹೂವು. ‘ಬೀಗರೂಟ ನಾಳೆನಾ ನಾಳಿದ್ದಾ?’ ಅದರ ಕೆಳಗೆ ಒಬ್ಬ, ‘ಕೆಂಪು ಶರ್ಟು ನಾನೇ ಕಣ್ರಲಾ, ಮೂರ್ನೇ ಸಾಲು, ನೋಡ್ರಿ ನೋಡ್ರಿ.’ ಇನ್ನೊಬ್ಬ, ‘ಊಟದ ಮನೇಲೂ ಲೈವ್ ಬತ್ತೈತೆ, ಎಲೆ ಮುಂದೆ ಕೂತೇ ನೋಡ್ತಾ ಇವ್ನಿ.’

ಎರಡು ಸಲ ಓದಿದೆ. ಅಯ್ಯೋ ನಿಮ್ಮ ಮನೆ ಹಾಳಾಗ! ಛತ್ರದೊಳಗೆ ಕೂತವರೆಲ್ಲ ಛತ್ರವನ್ನೇ ಫೋನಿನಲ್ಲಿ ನೋಡುತ್ತಿದ್ದರು. ಕಣ್ಣೆತ್ತಿದರೆ ಮಂಟಪ ಕಾಣುತ್ತದೆ, ಮಂಟಪದಲ್ಲಿ ಹೆಣ್ಣು ಕಾಣುತ್ತಾಳೆ. ಕಣ್ಣೆತ್ತುವುದಿಲ್ಲ. ತಾನು ಲೈವಿನಲ್ಲಿ ಕಾಣುತ್ತೇನೋ ಇಲ್ಲವೋ ಎಂಬುದೇ ಎಲ್ಲರಿಗೂ ದೊಡ್ಡದು. ಅದರ ಮೇಲೆ ಸ್ಟೇಟಸ್ಸು, ವಿಡಿಯೋ ಕರೆ. ಅವತ್ತು ಒಳ್ಳೆಯ ಲಗ್ನ, ಅದೇ ರಸ್ತೆಯ ಬೇರೆ ಛತ್ರಗಳಲ್ಲೂ ಮದುವೆ. ಮೂರು ಕಂಪನಿಯ ಯಂತ್ರಗಳೂ ಛತ್ರದ ಹಿಂದಿನ ಒಂದೇ ಟವರಿನಲ್ಲಿವೆ ಎಂಬುದನ್ನು ದಿಲೀಪ್ ಆಮೇಲೆ ಹೇಳಿದರು. ಮೂರು ಹಸು ಎಂದು ಕುಣಿದರಲ್ಲ, ಮೂರೂ ಒಂದೇ ಕೊಟ್ಟಿಗೆಯಲ್ಲಿದ್ದವು. ಆ ಕೊಟ್ಟಿಗೆಗೆ ಊರಿಗೆ ಊರೇ ತಂಬಿಗೆ ಹಿಡಿದು ನುಗ್ಗಿತ್ತು. ನುಗ್ಗಿ ಎಂದು ಲಿಂಕ್ ಕೊಟ್ಟು ಕರೆದವರು ನನ್ನ ಗಂಡ.

ಕಾಮೆಂಟಿನಲ್ಲೇ ಬರೆದೆ. ‘ರೀ, ನಾನು ಶಾಂತಿ. ದೊಡ್ಡ ಲೈವ್ ನಿಲ್ಸಿ. ಮಾವ ಲೋಟ ಹಿಡ್ಕಂಡೇ ಅವ್ರೆ.’ ಹೂವಿನ ರಾಶಿಯಲ್ಲಿ ಅದು ಕೊಚ್ಚಿಹೋಯಿತು. ಮತ್ತೆ ಬರೆದೆ. ಯಾರೋ ಪುಣ್ಯಾತ್ಮ, ‘ಯಾರಮ್ಮ ನೀನು, ಶುಭಕಾರ್ಯ ನಿಲ್ಸು ಅಂತೀಯ’ ಎಂದು ಉತ್ತರ ಕೊಟ್ಟ. ಮತ್ತೆ ಬರೆದೆ. ಅವಸರಕ್ಕೆ ಅಕ್ಷರವೆಲ್ಲ ತಪ್ಪಾದವು. ಮತ್ತೆ ಬರೆದೆ.

ಛತ್ರದಲ್ಲಿ ಅಷ್ಟು ಹೊತ್ತು ನಡೆದದ್ದನ್ನು ನಿಸರ್ಗ ಆಮೇಲೆ ಹೇಳಿದಳು. ದೊಡ್ಡ ಪರದೆಯ ಮೇಲೆ ಅಪ್ಪ ಲೋಟ ಎತ್ತಿದ ಚಿತ್ರ ಹಾಗೇ ನಿಂತಿತ್ತು. ವಾಲಗದವರು ನಿಲ್ಲಿಸುವ ಸನ್ನೆ ಸಿಗದೆ ಊದಿಯೇ ಊದುತ್ತಿದ್ದರು. ತಮ್ಮಯ್ಯ ಚೊಂಬು ಎತ್ತಿಕೊಂಡು, “ಮುಹೂರ್ತ ಮೀರ್ತದೆ ಕಣವ್ವ, ಅಣ್ಣನ್ ಎಸ್ರೇಳಿ ನಾನೇ ಎರ್ದ್ಬುಡ್ತೀನಿ, ಕೈ ಚಾಚು” ಎಂದು ಕಿವಿಯ ಹತ್ತಿರ ಕೂಗಿದರು. ಇವಳು ಗಂಡಿನ ಕೈಯನ್ನೂ ಸೇರಿಸಿ ಕಾಯಿಯನ್ನು ಎದೆಗೆ ಎಳೆದುಕೊಂಡಳು. ದಿಲೀಪ್ ಮೈಕಿನಲ್ಲಿ ಏನೋ ಕೂಗಿದರು, ಗಟ್ಟಿಮೇಳದಲ್ಲಿ ಯಾರಿಗೂ ಕೇಳಲಿಲ್ಲ. ವೈರುಗಳ ನಡುವೆ ಹುಚ್ಚು ಹಿಡಿದವರ ಹಾಗೆ ಓಡಾಡುತ್ತಿದ್ದವರು ಕಂಪ್ಯೂಟರಿನ ಮುಂದೆ ಥಟ್ಟನೆ ನಿಂತರಂತೆ. ಏನೋ ಓದಿದರಂತೆ. ತಲೆಯೆತ್ತಿ ಛತ್ರದ ತುಂಬ ಬಗ್ಗಿದ್ದ ತಲೆಗಳನ್ನು ನೋಡಿದರಂತೆ. ಆ ಲೈವ್ ಎಂದರೆ ಅವರ ಹೆಸರು, ಮರ್ಯಾದೆ. ಇಷ್ಟು ಜನ ಅವರ ಕೆಲಸವನ್ನು ಹಿಂದೆಂದೂ ನೋಡಿರಲಿಲ್ಲ. ಆ ಛತ್ರದವರಿಬ್ಬರೂ ನೋಡುತ್ತಿದ್ದರು. ಅದನ್ನು ಅವರೇ ಕೈಯಾರೆ ಬಂದ್ ಮಾಡಿದರು.

ಛತ್ರದ ತಲೆಗಳೆಲ್ಲ ಒಟ್ಟಿಗೆ ಮೇಲೆದ್ದವು. “ಏಯ್ ದಿಲೀಪಾ, ಲೈವ್ ಓಯ್ತು ಕಣ್ಲಾ!”

ನನ್ನ ಮುಂದೆ ಟ್ಯಾಬಿನಲ್ಲಿ ಪುರೋಹಿತರ ಕೈ ಕೆಳಗಿಳಿಯಿತು. ಚಿತ್ರ ಚಿಕ್ಕದಾಗಿತ್ತು, ಮಂಜು ಮಂಜಾಗಿತ್ತು. ಯಾರ ಮುಖವೂ ಸರಿಯಾಗಿ ಗುರುತು ಸಿಗುತ್ತಿರಲಿಲ್ಲ. ಆದರೆ ಅಲ್ಲಾಡುತ್ತಿತ್ತು. ಆ ಮಂಜಿನಲ್ಲಿ ನಿಸರ್ಗ ದೊಡ್ಡ ಪರದೆಯ ಕಡೆಗೆ ತಿರುಗಿ, ಎದೆಗೊತ್ತಿಕೊಂಡಿದ್ದ ಕಾಯಿಯನ್ನು ಮುಂದಕ್ಕೆ ಚಾಚಿದಳು.

“ಮಾವ, ಎರೀರಿ.”

ಮಾವ ಮಣಿಕಟ್ಟು ಬಗ್ಗಿಸಿದರು. ಲೋಟದಲ್ಲಿ ಎಷ್ಟು ಉಳಿದಿತ್ತು? ಅಷ್ಟು ಹೊತ್ತೂ ತುಳುಕಿ ತುಳುಕಿ ಮುಕ್ಕಾಲು ಹಾಲು ಹಾಸಿಗೆಯ ಪಾಲಾಗಿತ್ತು. ತಳದಲ್ಲಿದ್ದದ್ದು ದಾರದಷ್ಟು ಸಣ್ಣದಾಗಿ ಬೋಗುಣಿಗೆ ಇಳಿಯಿತು. ಅಲ್ಲಿ ನಿಸರ್ಗ ತನ್ನ ಕೈಯನ್ನು ಇನ್ನಷ್ಟು ಕೆಳಗೆ ಇಳಿಸಿದಳು, ಹಾಲು ನಿಜವಾಗಿಯೂ ಅವಳ ಕೈಮೇಲೇ ಬೀಳುತ್ತಿದೆಯೇನೋ ಅನ್ನುವ ಹಾಗೆ. ಕೊನೆಯ ಹನಿ ಬೀಳುವ ತನಕ ತಲೆ ಬಗ್ಗಿಸಿಕೊಂಡೇ ಇದ್ದಳು. ಆಮೇಲೆ ನಂಜಮ್ಮತ್ತೆ, ತಮ್ಮಯ್ಯ ಎರೆದರು. ತಾಳಿಯೂ ಆಯಿತು. ಮಾವನ ಕೈ ಧೊಪ್ಪನೆ ಬಿತ್ತು, ಬೆಳ್ಳಿ ಲೋಟ ಮಂಚದ ಕೆಳಗೆ ಉರುಳಿಹೋಯಿತು. ನರ್ಸಮ್ಮ ಕಣ್ಣೊರೆಸಿಕೊಳ್ಳುತ್ತಲೇ, “ಶೀಟೆಲ್ಲ ನೆನ್ಸ್‌ಬುಟ್ರಲ್ಲ ಯಜಮಾನ್ರೇ” ಎಂದು ಗದರಿದರು.

ಮಧ್ಯಾಹ್ನ ದಿಲೀಪ್ ಛತ್ರದ ಊಟ ಕಟ್ಟಿಸಿಕೊಂಡು ಬಂದರು. ಮುಖ ಬಾಡಿತ್ತು. ದಾರಿಯುದ್ದಕ್ಕೂ ಫೋನು. ಚನ್ನರಾಯಪಟ್ಟಣದ ಅತ್ತೆ, “ತಾಳಿ ಕಟ್ಟೋದೇ ಕಾಣ್ಲಿಲ್ವಲ್ಲೋ, ಎಂಥದೋ ನಿನ್ ಲೈವು” ಎಂದಿದ್ದರು. ತಮ್ಮಯ್ಯ ಎಲ್ಲರ ಮುಂದೆಯೇ, “ನಾಕ್ ಜನ ನೋಡೋ ಒತ್ತಲ್ಲೇ ಕೆಡಿಸ್ಬುಟ್ಟ” ಎಂದಿದ್ದರು. ಛತ್ರದವರಿಬ್ಬರೂ ಮಾತನಾಡಿಸದೆ ಹೋಗಿದ್ದರು. ಬಯ್ಯಬೇಕೆಂದು ನಾನು ಬೆಳಗ್ಗೆಯಿಂದ ಕೂಡಿಸಿಟ್ಟುಕೊಂಡಿದ್ದ ಮಾತನ್ನೆಲ್ಲ ಆ ಮುಖ ನೋಡಿ ಬದಿಗಿಟ್ಟು, ಅವರ ಕೈಯಿಂದ ಊಟದ ಡಬ್ಬಿ ತೆಗೆದುಕೊಂಡೆ.

ಮಂಚದ ಕಾಲ ಹತ್ತಿರ ನಿಂತು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ಹೇಳಿದರು:

“ದೊಡ್ಡಪ್ಪ, ಚಿತ್ರ ಸರ್ಯಾಗ್ ಬರ್ಲಿಲ್ಲ. ಮಂಜ್ ಮಂಜಾಗ್ ಬಂತು. ನಿನ್ನೆ ಎಷ್ಟ್ ಚೆಂದಾಗಿತ್ತು. ತಪ್ಪಾಯ್ತು.”

ಮಾವ ಎಡಗೈಯಿಂದ ಹಾಸಿಗೆಯ ಅಂಚನ್ನು ತಟ್ಟಿದರು. ದಿಲೀಪ್ ನಿಂತೇ ಇದ್ದರು. ಮತ್ತೆ ತಟ್ಟಿದರು. ಆಗ ಕೂತರು. ಮಾವ ಎಡಗೈಯಿಂದ ತಮ್ಮ ಬಲಗೈಯನ್ನು ಎತ್ತಿ, ತಂದು, ದಿಲೀಪರ ಮಂಡಿಯ ಮೇಲೆ ಇಟ್ಟರು. ಇನ್ನೂ ಹಾಲಿನ ವಾಸನೆ ಇದ್ದ ಕೈ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ದಿಲೀಪ್ ತೆಗೆದು, ಯಾರೆಂದು ನೋಡದೆ ಆಫ್ ಮಾಡಿದರು. ಸ್ವಲ್ಪ ಹೊತ್ತಿಗೆ ಮಾವನಿಗೆ ನಿದ್ದೆ ಹತ್ತಿತು. ಕೈ ಮಾತ್ರ ಮಂಡಿಯ ಮೇಲೇ ಇತ್ತು. ನಾನು ಊಟ ಮುಗಿಸಿದೆ, ಊಟದ ಡಬ್ಬಿ ತೊಳೆದೆ, ಒದ್ದೆ ಶಲ್ಯವನ್ನು ಕಿಟಕಿಗೆ ಒಣಹಾಕಿದೆ. ಅಲ್ಲಾಡಿದರೆ ಆ ಕೈ ಜಾರಿಬಿಡುತ್ತದೆಂದು ದಿಲೀಪ್ ಕಾಲು ಕೂಡ ಕದಲಿಸದೆ ಕೂತೇ ಇದ್ದರು.